ದೃಷ್ಟಿಗೊಂಬೆಯ ಬೆನ್ನ ಹಿಂದೆ

ಕೆಡವಿದ ಮನೆಯ ಇಟ್ಟಿಗೆ ಚೂರುಗಳ ಜೊತೆ ಆ ಮನೆಯ ದೃಷ್ಟಿಗೊಂಬೆಯೂ ಲಾರಿಯಿಂದ ಊರಾಚೆಯ ಕಸದ ಗುಡ್ಡೆಗೆ ಬಂದು ಬಿತ್ತು. ಬಿದ್ದಲ್ಲಿಂದಲೇ ನಾಲಗೆ ಚಾಚಿ, ಕಣ್ಣು ಕೆಕ್ಕರಿಸಿ ನೋಡತೊಡಗಿತು.

"ಯಾರನ್ನು ಹೆದರಿಸುತ್ತಿದ್ದೀರಿ, ಸ್ವಾಮಿ?" ಎಂದು ಕೇಳಿತು, ಅಲ್ಲೇ ಬಿಲ ತೋಡಿಕೊಂಡಿದ್ದ ಹೆಗ್ಗಣ.

"ಹನ್ನೆರಡು ವರ್ಷ ಆ ಮನೆಯ ಮೇಲೆ ಒಬ್ಬರ ಕಣ್ಣೂ ಬೀಳದಂತೆ ಕಾದವನು ನಾನು!"

"ಹಾಗಾದರೆ ಇಷ್ಟು ಗಟ್ಟಿ ಇಟ್ಟಿಗೆಯ ಮನೆ ಇಲ್ಲಿಗೇಕೆ ಬಂತು?"

"ಎದುರುಮನೆಯವರು ಮೂರನೇ ಮಹಡಿ ಎಬ್ಬಿಸಿದರು. ಅದನ್ನು ನೋಡಿದ ದಿನದಿಂದ ನಮ್ಮ ಯಜಮಾನರಿಗೆ ಸ್ವಂತ ಮನೆ ಹಿಡಿಸಲಿಲ್ಲ."

"ನಿಮ್ಮ ಯಜಮಾನರ ಕಣ್ಣನ್ನೇಕೆ ತಡೆಯಲಿಲ್ಲ?"

ಗೊಂಬೆ ಚಾಚಿದ್ದ ನಾಲಗೆಯನ್ನು ಮೊದಲ ಸಲ ಒಳಕ್ಕೆ ಎಳೆದುಕೊಂಡಿತು.

"ನನ್ನನ್ನು ಬೀದಿಗೆ ಮುಖ ಮಾಡಿ ಕಟ್ಟಿದ್ದರು. ಯಜಮಾನರು ನಿಂತಿದ್ದು ನನ್ನ ಬೆನ್ನ ಹಿಂದೆ."