ಗಟ್ಟಿ ಕಲ್ಲಿನ ಹೆಸರು

ಊರವರೆಲ್ಲ ಸೇರಿ ಮೂರು ತಿಂಗಳು ಹಳ್ಳದ ಹೂಳೆತ್ತಿದರು, ದಡದಲ್ಲಿ ಹೊಂಗೆ ನೆಟ್ಟರು, ಒಡ್ಡು ಕಟ್ಟಿದರು. ಒಂದು ಬುಟ್ಟಿ ಮಣ್ಣೂ ಹೊರದ ಅಕ್ಕಿ ಗಿರಣಿಯ ಕರಿಗೌಡರು ಕೊನೆಯ ದಿನ ಒಂದು ಕಲ್ಲು ಹೊರಿಸಿಕೊಂಡು ಬಂದರು. ಅದರ ಮೇಲೆ ‘ಹಳ್ಳದ ರಕ್ಷಕ’ ಎಂದು ಅವರದೇ ಹೆಸರು.

“ಒಡ್ಡಿನ ಮೇಲೆ ನಿಲ್ಲಿಸ್ರೋ!”

ಗಿರಣಿಯ ಹೊಲಸು ನೀರು ಬೀಳುತ್ತಿದ್ದದ್ದೂ ಅದೇ ಹಳ್ಳಕ್ಕೆ. ಆದರೆ ಅರ್ಧ ಊರಿಗೆ ಗಿರಣಿಯಲ್ಲೇ ಕೆಲಸ. ಬಾಯಿ ಬಿಡುವವರು ಯಾರು?

ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಮಾದಯ್ಯ ಕೈಮುಗಿದ. “ಧಾರಾಳವಾಗಿ ನಿಲ್ಸೋಣ ಬುದ್ಧಿ. ಕಲ್ಲಲ್ಲಿ ಹೆಸರಿರೋರು ಊರೋರ ಮುಂದೆ ಈ ಹಳ್ಳದ ನೀರು ಮೂರು ಬೊಗಸೆ ಕುಡೀಬೇಕು. ಅದು ನಮ್ಮ ಪದ್ಧತಿ.”

ಆ ಪದ್ಧತಿ ಹುಟ್ಟಿದ್ದು ಆ ಗಳಿಗೆಯಲ್ಲೇ. ಆದರೂ ಊರಿಗೂರೇ ಗಂಭೀರವಾಗಿ ತಲೆಯಾಡಿಸಿತು.

ಗೌಡರು ನೀರು ನೋಡಿದರು. ತಮ್ಮ ಮೋರಿ ನೋಡಿದರು. “ಇವತ್ತು ದಿನ ಚೆನ್ನಾಗಿಲ್ಲ” ಎಂದು ಹೊರಟೇಬಿಟ್ಟರು.

ಹದಿನೈದು ದಿನದೊಳಗೆ ಮೋರಿ ಮುಚ್ಚಿತು. ಗಿರಣಿಯ ಹಿಂದೆ ಹೊಲಸು ಸೋಸುವ ತೊಟ್ಟಿ ಎದ್ದಿತು. ಮಳೆಗಾಲ ಕಳೆದ ಮೇಲೆ ಗೌಡರು ಬಂದು ಮೂರು ಬೊಗಸೆ ಕುಡಿದು ಮೀಸೆ ಒರೆಸಿಕೊಂಡರು. ಮೊದಲು ಚಪ್ಪಾಳೆ ತಟ್ಟಿದವನು ಮಾದಯ್ಯನೇ.

“ಮುಗೀತಲ್ಲ?” ಎಂದರು ಗೌಡರು.

“ಈ ವರ್ಷದ್ದು ಮುಗೀತು ಬುದ್ಧಿ. ಕಲ್ಲಿನ ಮೇಲಿನ ಹೆಸರು ಸವೆದು ಅಳಿಸಿಹೋಗೋ ತನಕ ವರ್ಷಾ ವರ್ಷಾ ಕುಡೀಬೇಕು. ಕಲ್ಲು ಮಾತ್ರ ಒಳ್ಳೇ ಗಟ್ಟಿ ಕಲ್ಲನ್ನೇ ತಂದಿದ್ದೀರಿ!”