ಜೋಳಿಗೆಯೂ ಕೊಳಗವೂ

"ಅಪ್ಪಾವರೇ, ಎರಡರಾಗ ಯಾವುದನ್ನ ಆರಿಸಲಿ?" ಎಂದು ಮುರುಗೆಮ್ಮ ಮಠದ ಗುರುಗಳನ್ನು ಕೇಳಿದಳು.

ಅವಳು ಆಸ್ಪತ್ರೆಯೊಂದರ ಎದುರು ಊಟದ ಮನೆ ನಡೆಸುತ್ತಿದ್ದಳು. ರೋಗಿಗಳ ಜೊತೆ ಬಂದು ವಾರಗಟ್ಟಲೆ ಹೊರಗೆ ಕಾಯುವವರಿಗೆ ಅಲ್ಲಿ ಮಧ್ಯಾಹ್ನದ ಊಟ ಉಚಿತ. ಬಾಗಿಲ ಬಳಿ ಒಂದು ಡಬ್ಬಿ ಇತ್ತು. ದಾರಿಹೋಕರು ಅದಕ್ಕೆ ದುಡ್ಡು ಹಾಕುತ್ತಿದ್ದರು, ಉಂಡವರೂ ಒಂದೋ ಎರಡೋ ರೂಪಾಯಿ ಹಾಕಿ ಹೋಗುತ್ತಿದ್ದರು. ಈಗ ಯಾರ ಜೇಬಿನಲ್ಲೂ ಚಿಲ್ಲರೆ ಇಲ್ಲ, ಎಲ್ಲರೂ ಫೋನಿನಲ್ಲೇ ಕೊಡುವವರು. ಡಬ್ಬಿ ಬರಿದಾಯಿತು. ಆನ್‌ಲೈನಿನಲ್ಲಿ ದೇಣಿಗೆ ಪಡೆಯುವ ಒಂದು ವೇದಿಕೆಗೆ ಸೇರದಿದ್ದರೆ ಊಟದ ಮನೆ ಮುಚ್ಚಬೇಕಾಗಿತ್ತು.

"ಒಂದು ವೇದಿಕೆ ಭಾರಿ ಐತ್ರಿ. ಕೊಟ್ಟವರ ಫೋಟೋ, ಹೆಸರು, ಹೆಚ್ಚು ಕೊಟ್ಟವರು ಎಲ್ಲಾರಿಗಿಂತ ಮ್ಯಾಲೆ. ಐನೂರಕ್ಕಿಂತ ಕಡಿಮಿ ತಗೊಳ್ಳಂಗಿಲ್ಲ. ಇನ್ನೊಂದು ಸಾದಾ. ಒಂದು ರೂಪಾಯಿನೂ ತಗೊಂತದ, ಹೆಸರು ಯಾರಿಗೂ ತೋರಸಂಗಿಲ್ಲ. ನಮ್ಮ ಊಟದ ಮನಿ ಕಮಿಟಿಯವರಿಗೆಲ್ಲಾ ಮೊದಲನೇದೇ ಬೇಕಾಗೇತಿ."

ಗುರುಗಳು ನಕ್ಕರು. "ನನ್ನ ಫೋನಿಗೆ ಇನ್ನೂ ಗುಂಡಿಗಳಿವೆ. ನನ್ನನ್ನು ಕೇಳುತ್ತೀಯಲ್ಲ! ಇರಲಿ, ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಛತ್ರವಿತ್ತು. ಕಣ್ಣಿಲ್ಲದವರು, ಕಾಲಿಲ್ಲದವರು ಅಲ್ಲಿ ಉಣ್ಣುತ್ತಿದ್ದರು. ಒಬ್ಬ ಮನುಷ್ಯ ದಿನವೂ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಅಕ್ಕಿ ತರುತ್ತಿದ್ದ. ಅಲ್ಲೊಂದು ಪದ್ಧತಿ. ಕೊಡುವವರು ಮಣಿಕಟ್ಟಿನ ತನಕ ಕೈಯನ್ನು ಜೋಳಿಗೆಯೊಳಗೆ ಇಳಿಸಿ, ಆಮೇಲೆಯೇ ಮುಷ್ಟಿ ಬಿಚ್ಚಬೇಕು. ಆಗ ಬೇಡುವವನು ಬೇರೆ ಕಡೆ ನೋಡಬೇಕು. ಏಕೆ ಹೀಗೆ ಎಂದು ಅವನು ಎಂದೂ ಕೇಳಿರಲಿಲ್ಲ.

ಒಬ್ಬ ವ್ಯಾಪಾರಿ ಅವನನ್ನು ಕಂಡು ಮರುಗಿದ. ಆ ವ್ಯಾಪಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸುಲಭವಿತ್ತು. "ಈ ಹರಕು ಚೀಲ ಯಾಕೋ ಮಾರಾಯ? ಕೊಡೋರಿಗೂ ಹುರುಪು ಬರಬೇಕು" ಎಂದು ಹಿತ್ತಾಳೆಯ ಕೊಳಗವೊಂದನ್ನು ಕೊಟ್ಟ. ಅದರ ಒಳಗೆ ಅಳತೆಯ ಗೆರೆಗಳಿದ್ದವು. ಅಕ್ಕಿ ಬಿದ್ದರೆ ಓಣಿಗೆಲ್ಲ ಕೇಳುತ್ತಿತ್ತು. ಯಾರ ಮನೆಯಿಂದ ಎಷ್ಟು ಬಂತೆಂದು ಕೂಗಿ ಹೇಳುವುದೂ ಶುರುವಾಯಿತು.

ಮೊದಲ ತಿಂಗಳು ಕೊಳಗ ತುಂಬಿ ಚೆಲ್ಲಿತು. ದೊಡ್ಡ ಮನೆಗಳವರು ನಾ ಮುಂದು ತಾ ಮುಂದು ಎಂದು ಸುರಿದರು. ಎರಡನೆಯ ತಿಂಗಳು ಒಬ್ಬ ಸಾಹುಕಾರ ಒಂದು ಮೂಟೆಯನ್ನೇ ಕೊಟ್ಟ. ಅವನನ್ನು ಮೀರಿಸಲಾಗದೆ ಉಳಿದವರು ಸುಮ್ಮನಾದರು. ಗೆದ್ದ ಮೇಲೆ ಅವನೂ ಸುಮ್ಮನಾದ. ಸಣ್ಣ ಮನೆಗಳ ಬಾಗಿಲುಗಳಂತೂ ಮುಚ್ಚಿ ಎಷ್ಟೋ ದಿನಗಳಾಗಿದ್ದವು. ಮೂರನೆಯ ತಿಂಗಳು ಒಂದು ಮಧ್ಯಾಹ್ನ ಛತ್ರದಲ್ಲಿ ಒಲೆ ಹೊತ್ತಲಿಲ್ಲ. ಕುರುಡರು ತಟ್ಟೆ ಹಿಡಿದು ಕೂತೇ ಇದ್ದರು. ಒಲೆ ಹೊತ್ತಿಲ್ಲವೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆ ಹೊತ್ತನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಮನುಷ್ಯ ಓಣಿಯ ಕೊನೆಯ ಮನೆಗೆ ಓಡಿ ಬಾಗಿಲು ಬಡಿದ. ಅಲ್ಲಿ ಹುಲ್ಲು ಮಾರುವ ಒಬ್ಬ ಮುದುಕಿ ಇದ್ದಳು. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಜೋಳಿಗೆಗೆ ಕೈ ಇಳಿಸಿದವಳು.

"ಅವ್ವಾ, ನೀನೂ ಬಾಗಿಲು ಹಾಕಿದೆಯಲ್ಲ, ಯಾಕೆ?" ಎಂದ.

ಮುದುಕಿ ತಲೆ ತಗ್ಗಿಸಿದಳು. "ನಂದು ಅರ್ಧ ಮುಷ್ಟಿ ನುಚ್ಚು ನಮ್ಮಪ್ಪಾ. ಏನೂ ಇಲ್ಲದ ದಿನ ಬರೇ ಮುಷ್ಟಿ ಒಳಗಿಟ್ಟು ತಗದೀನಿ. ಮರುದಿನ ಎರಡು ಹಾಕೀನಿ. ನಿನ್ನ ಕೊಳಗದಾಗ ಬರೇ ಮುಷ್ಟಿ ಹ್ಯಾಂಗ ಬಿಚ್ಚಲಿ?"

ಅವನು ಛತ್ರಕ್ಕೆ ಓಡಿಬಂದು ಜೋಳಿಗೆಗಾಗಿ ಹುಡುಕಾಡಿದ. ಅದನ್ನು ಹರಿದು ಕೊಳಗ ಉಜ್ಜುವ ಬಟ್ಟೆ ಮಾಡಿದ್ದು ತಾನೇ ಎಂಬುದು ಆಗ ನೆನಪಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರುಗೆಮ್ಮ ಸೆರಗಿನ ಅಂಚು ತಿರುವುತ್ತ ಹೇಳಿದಳು: "ಖರೇ ಅಪ್ಪಾವರೇ. ಆದರ ದಿನಾ ಇನ್ನೂರು ಎಲಿ ಹಾಕಬೇಕು. ಮೊದಲನೇದರಾಗ ಹೆಸರಿಗಾಗಿ ಆದರೂ ಜನ ಕೊಡತಾರ."

"ಕೊಡಲಿ ಮಗಳೇ. ನಿನ್ನಲ್ಲಿ ಉಂಡು, ಕೈ ತೊಳೆದು, ಎರಡು ರೂಪಾಯಿ ಹಾಕಿ ಹೋಗುತ್ತಾನಲ್ಲ, ಅವನ ಹೆಸರು ಆ ಪಟ್ಟಿಯಲ್ಲಿ ಎಷ್ಟನೆಯದು?"