ಲೆನ್ಸಿನ ಹಿಂದೊಂದು ಹೂಂ

"ಗುರುಗಳೇ, ಕ್ಯಾಮೆರಾ ಮುಂದೆ ನಿಂತ್ರೆ ನನ್ನ ಮಾತು ಸತ್ತೋಗುತ್ತೆ. ಯಾಕೆ?" ಅಂತ ಹೊನ್ನೇಶ ಕೇಳಿದ.

ಹೊನ್ನೇಶ ಎಮ್ಮೆಸ್ಸಿ ಹುಡುಗ. ತಾನು ಓದಿದ್ದನ್ನ ವಿಡಿಯೋದಲ್ಲಿ ಜನಕ್ಕೆ ಹೇಳೋದು ಹೆಂಗೆ ಅಂತ ಕಲಿಯೋಕೆ ನಿಂಗಣ್ಣನ ಸ್ಟುಡಿಯೋಗೆ ಬರ್ತಿದ್ದ.

"ನಾಲ್ಕನೇ ಕ್ಲಾಸು ದಾಟದ ನನ್ನ ಹತ್ರ ಡಾಕ್ಟರೇಟಿನೋರೆಲ್ಲ ಬಂದು ಕೈಕಟ್ಟಿ ಕೂರ್ತಾರೆ ಅಂದ್ರೆ ಸುಮ್ನೇನಾ? ಕೂತ್ಕೊ," ಅಂದ ನಿಂಗಣ್ಣ. "ಈ ಕ್ಯಾಮೆರಾ ಮುಟ್ಟಿ ಹೇಳ್ತೀನಿ, ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ರೆ ನನ್ನ ಎರಡು ಕಣ್ಣೂ ಹೋಗ್ಲಿ."

ಆಮೇಲೆ ಕತೆ ಶುರು ಮಾಡಿದ.

ಒಬ್ಬಳು ಹುಡುಗಿ ಇದ್ಲು. ಬಾವಲಿ ಮೇಲೆ ಸಂಶೋಧನೆ ಮಾಡ್ತಿದ್ಲು. ಅವಳ ಊರಿನ ಹಳೇ ಗೋದಾಮಿನ ತುಂಬಾ ಬಾವಲಿ. ಅಪಶಕುನ ಅಂತ ಊರೋರು ಹೊಗೆ ಹಾಕಿ ಕೊಲ್ಲೋಕೆ ಹೊರಟಿದ್ರು. ನಿಮ್ಮ ಹೊಲದ ಹುಳ ತಿನ್ನೋದು ಇವೇ ಕಣ್ರಪ್ಪಾ ಅಂತ ಅವಳು ಹೇಳಬೇಕಿತ್ತು. ವಿಡಿಯೋ ಮಾಡ್ಸೋಕೆ ಕಾಲೇಜಿನೋರು ಒಬ್ಬ ಮದುವೆ ವಿಡಿಯೋದವನನ್ನ ಗೊತ್ತು ಮಾಡಿದ್ರು.

ಅವನು ಅಂಥಿಂಥವನಲ್ಲ. ಕಲ್ಲುಗೊಂಬೇನೂ ನಗಿಸೋನು. ಈ ಹುಡುಗಿ ಮುಂದೆ ಸೋತ. ಕೆಂಪು ದೀಪ ಹತ್ತಿದ ಕೂಡ್ಲೇ ಅವಳು ಒಣಗಿಹೋಗೋಳು. ಒಂದು ಮಾತು ಒಪ್ಪಿಸೋಳು, ನಿಲ್ಲೋಳು, ಏನನ್ನೋ ಕಾಯೋಳು.

"ಯಾವ ಬಸ್ಸಿಗಮ್ಮಾ ಕಾಯ್ತಿದ್ದೀಯ?" ಅಂದ.

ಅವಳು ನಗಲಿಲ್ಲ. "ನಮ್ಮಮ್ಮ ಬಟ್ಟೆ ಹೊಲೀತಿದ್ಲು ಸಾರ್. ಶಾಲೆಯಿಂದ ಬಂದು ಎಲ್ಲಾನೂ ಅವಳಿಗೇ ಹೇಳ್ತಿದ್ದೆ. ತಲೆ ಎತ್ತುತ್ತಿರಲಿಲ್ಲ. ಹಲ್ಲಲ್ಲಿ ದಾರ ಕಚ್ಕೊಂಡೇ ಹೂಂ ಅನ್ನೋಳು. ಆ ಹೂಂ ಬಂದ್ರೇನೇ ನಂಗೆ ಮುಂದಿನ ಮಾತು. ಅವಳು ತೀರಿಹೋದ್ಮೇಲೆ ಯಾರಿಗೂ ಏನೂ ಹೇಳಿಲ್ಲ. ಬರೀ ಬರೆದಿದ್ದೀನಿ."

ವಿಡಿಯೋದವನು ಲೆನ್ಸ್ ಮುಚ್ಚಳದ ದಾರ ಹಲ್ಲಲ್ಲಿ ಕಚ್ಕೊಂಡ. ಕ್ಯಾಮೆರಾ ಹಿಂದೆ ತಲೆ ತಗ್ಗಿಸಿ ಕೂತ. ಅವಳು ಒಂದು ಮಾತು ಹೇಳಿದ್ಲು. ಅವನು ಮೂಗಿನಿಂದ ಹೂಂ ಅಂದ.

ಹುಡುಗಿ ಬೆಚ್ಚಿದ್ಲು. ಆಮೇಲೆ ನಿಲ್ಲಲೇ ಇಲ್ಲ. ಕತ್ತಲಲ್ಲಿ ಅಷ್ಟೊಂದು ಮರಿಗಳ ನಡುವೆ ತಾಯಿ ಬಾವಲಿ ತನ್ನ ಮರೀನ ಕೂಗಿನಿಂದಲೇ ಗುರುತು ಹಿಡಿಯುತ್ತೆ ಅಂತ ಹೇಳಿದ್ಲು. ಹೇಳ್ತಾ ಅವಳ ದನಿ ಚಿಕ್ಕ ಹುಡುಗಿ ದನಿ ಆಗಿತ್ತು.

ಮುಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡ್ಲು. "ನನ್ನ ಮಾತು ಬೇಡ ಸಾರ್. ಆ ಹೂಂ ಒಂದನ್ನೇ ಹಾಕಿ." ಅವನು ಹಾಕಿದ. ಕಣ್ಣು ಮುಚ್ಚಿ ಕೇಳಿದ್ಲು. ಇನ್ನೊಂದ್ಸಲ ಅಂದ್ಲು.

ಕಾಲೇಜಿನೋರು ನೋಡಿ, "ಯಾರ್ರೀ ಅದು ಹಿಂದೆ ಎಮ್ಮೆ ಥರ ಹೂಂಗುಟ್ಟೋನು? ತೆಗೀರಿ ಅದನ್ನ. ಇಲ್ಲಾಂದ್ರೆ ದುಡ್ಡಿಲ್ಲ," ಅಂದ್ರು. ಅವನು ತೆಗೀಲಿಲ್ಲ. ಹುಡುಗಿ ಹಂಗೇ ಊರಿಗೆ ತಗೊಂಡೋದ್ಲು. ಹಾಲಿನ ಡೈರಿ ಗೋಡೆ ಮೇಲೆ ವಿಡಿಯೋ ಬಿಟ್ರು. ಜನ ಮೊದಲು ನಕ್ರು. ಆಮೇಲೆ ಒಬ್ಬಳು ಮುದುಕಿ ತನಗೇ ಗೊತ್ತಿಲ್ಲದೆ ಹೂಂ ಅಂದ್ಲು. ಪಕ್ಕದೋನೂ ಅಂದ. ಕೊನೆಗೆ ಊರಿಗೆ ಊರೇ ಹೂಂಗುಟ್ಟಿತು. ಗೋದಾಮಿಗೆ ಯಾರೂ ಹೊಗೆ ಹಾಕಲಿಲ್ಲ.

ಹುಡುಗಿ ಜನರ ಹಿಂದೆ ನಿಂತಿದ್ಲು. ಅಷ್ಟು ಹೂಂಗಳ ನಡುವೆ ಒಂದನ್ನೇ ಹುಡುಕ್ತಿದ್ಲು.

ನಿಂಗಣ್ಣ ಕತೆ ಮುಗಿಸಿದ.

"ಬರೀ ಒಂದು ಹೂಂ ತಾನೇ ಗುರುಗಳೇ," ಅಂದ ಹೊನ್ನೇಶ. "ತೆಗೆದುಕೊಟ್ಟು ದುಡ್ಡು ಇಸ್ಕೋಬಾರದಿತ್ತಾ ಆ ಮುಠ್ಠಾಳ?"

ನಿಂಗಣ್ಣ ಎದ್ದು ಕ್ಯಾಮೆರಾ ಹಿಂದೆ ಹೋಗಿ ಕೂತ. ಲೆನ್ಸ್ ಮುಚ್ಚಳದ ದಾರ ಕೈಗೆ ತಗೊಂಡ. ದಾರದ ತುಂಬಾ ಹಲ್ಲಿನ ಗುರುತು.

"ಹೇಳು, ಹೂಂ ಅಂತೀನಿ, ಈ ಹೂಂಗೆ ನಂಗೆ ಹೋಗಿರೋದು ಹದಿನಾಲ್ಕು ಸಾವಿರದ ಏಳ್ನೂರ ಐವತ್ತು ರೂಪಾಯಿ."